ಪಾಸ್‌ವರ್ಡ್ ಸರಿಯಿದೆ, ಮೇಲ್ ಒಪ್ಪುತ್ತಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ತಕರಾರಿನವು. ಪಾಸ್‌ವರ್ಡ್ ಗೊತ್ತಿದೆ, ಸರಿಯಾಗಿಯೇ ಹಾಕುತ್ತೇವೆ, ಆದರೂ ಮನೆಯ ಕಂಪ್ಯೂಟರಿನ ಮೇಲ್ ಬಿಡದೆ ಕೇಳುತ್ತದೆ ಎಂದು. ಹಾಗಾಗಿ ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇದನ್ನೊಂದೇ ಎತ್ತಿಕೊಂಡಿದ್ದೇವೆ.

ಮನೆಯಲ್ಲಿ ಔಟ್‌ಲುಕ್ 2010 ಇದೆ, ಅದರಲ್ಲಿ ಜಿಮೇಲ್ ಖಾತೆ. ಬ್ರೌಸರಿನಲ್ಲಿ ನಡೆಯುವ ಪಾಸ್‌ವರ್ಡ್ ಔಟ್‌ಲುಕ್‌ನಲ್ಲಿ ನಡೆಯುವುದಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಕಿಟಕಿ ಎದ್ದು ಕೇಳುತ್ತದೆ. ‘ಲೆಸ್ ಸೆಕ್ಯೂರ್ ಆಪ್ಸ್’ ಆನ್ ಮಾಡಿ ಎಂದು ಗೆಳೆಯರು ಹೇಳಿದರು, ಆ ಆಯ್ಕೆಯೇ ಸಿಗುತ್ತಿಲ್ಲ. ಏನು ಮಾಡಲಿ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಸಾಗರ

ನಿಮ್ಮ ಪಾಸ್‌ವರ್ಡ್ ತಪ್ಪಿಲ್ಲ. ಔಟ್‌ಲುಕ್ ಅದನ್ನು ಒಯ್ದು ಕೊಡುವ ರೀತಿಯನ್ನು ಗೂಗಲ್ ಈಗ ಒಪ್ಪುವುದಿಲ್ಲ. 2022ರ ಮೇ 30ರಿಂದ ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ, ಬರೀ ಹೆಸರು ಮತ್ತು ಖಾತೆಯ ಪಾಸ್‌ವರ್ಡ್ ಹೇಳಿ ಒಳಬರುವ ಪ್ರೋಗ್ರಾಂಗಳಿಗೆ ಬಾಗಿಲು ಮುಚ್ಚಿದೆ. ಗೆಳೆಯರು ಹೇಳಿದ ಆಯ್ಕೆಯೂ ಅದರ ಜೊತೆಗೇ ಹೋಯಿತು. ಹಳೆಯ ವೀಡಿಯೊಗಳಲ್ಲಿ ಅದು ಈಗಲೂ ಕಾಣುತ್ತದೆ, ಹುಡುಕುತ್ತ ಕೂರಬೇಡಿ.

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇವೆ, ಕೆಳಗಿನ ಉತ್ತರಗಳಿಗೂ ಅದೇ ಬೇಕು. ಸರ್ವರ್ ‘ಬಿಡುವುದಿಲ್ಲ’ ಅಂದಾಗ ಹಳೆಯ ಮೇಲ್ ಪ್ರೋಗ್ರಾಂಗೆ ಗೊತ್ತಿರುವುದು ಒಂದೇ ಕೆಲಸ, ಪಾಸ್‌ವರ್ಡ್ ಕಿಟಕಿ ಎಬ್ಬಿಸುವುದು. ನಿರಾಕರಣೆಗೆ ಕಾರಣ ಪಾಸ್‌ವರ್ಡೇ ಆಗಿರಬೇಕೆಂದಿಲ್ಲ. ಆದ್ದರಿಂದ ಮೂರನೇ ಸಲ ಟೈಪ್ ಮಾಡುವ ಮೊದಲು ಆ ಕಿಟಕಿಯನ್ನೊಮ್ಮೆ ಓದಿ. ಪಾಸ್‌ವರ್ಡ್ ಖಾನೆಯ ಮೇಲೆ ‘ಯೂಸರ್ ನೇಮ್’, ಅದರ ಮೇಲೆ ‘ಸರ್ವರ್’ ಎಂಬ ಸಾಲು ಇರುತ್ತದೆ. ನಮ್ಮ ಕಣ್ಣು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದೇ ಇಲ್ಲ. ಅಲ್ಲಿ ‘ಐಮ್ಯಾಪ್.ಜಿಮೇಲ್.ಕಾಮ್’ ಎಂದಿದ್ದರೆ ಮೇಲ್ ತರುವ ಕಡೆ ತೊಂದರೆ, ‘ಎಸ್‌ಎಂಟಿಪಿ.ಜಿಮೇಲ್.ಕಾಮ್’ ಎಂದಿದ್ದರೆ ಕಳಿಸುವ ಕಡೆ. ಎಂದೋ ಬಿಟ್ಟುಬಿಟ್ಟ ಹಳೆಯ ಖಾತೆಯ ಸರ್ವರ್ ಹೆಸರು ಅಲ್ಲಿರುವುದೂ ಉಂಟು. ಆಗ ಆ ಖಾತೆಯನ್ನು ಔಟ್‌ಲುಕ್‌ನಿಂದ ತೆಗೆದರೆ ಕಾಟ ಮುಗಿಯಿತು. ತೆಗೆಯುವ ಮೊದಲು ಅದರ ಹಳೆಯ ಮೇಲ್ ಬೇಕೇ ಎಂದು ನೋಡಿಕೊಳ್ಳಿ.

ಔಟ್‌ಲುಕ್ 2010ಕ್ಕೆ ಗೂಗಲ್‌ನ ಹೊಸ ಲಾಗಿನ್ ಪುಟವನ್ನು ತೋರಿಸಲು ಬಾರದು. ಅದಕ್ಕಿರುವ ದಾರಿ ‘ಆಪ್ ಪಾಸ್‌ವರ್ಡ್’. ಮೊದಲು ಬ್ರೌಸರಿನಲ್ಲಿ ಗೂಗಲ್ ಖಾತೆಯ ‘ಸೆಕ್ಯೂರಿಟಿ’ ಪುಟಕ್ಕೆ ಹೋಗಿ ‘2-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ. ಇದಿಲ್ಲದೆ ಮುಂದಿನದು ಸಿಗದು. ಆಮೇಲೆ ಅದೇ ಪುಟದ ಹುಡುಕು ಪಟ್ಟಿಯಲ್ಲಿ ‘ಆಪ್ ಪಾಸ್‌ವರ್ಡ್ಸ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಮೆನುವಿನಲ್ಲಿ ಅರಸುವುದಕ್ಕಿಂತ ಇದು ಬೇಗ. ‘ಮನೆ ಔಟ್‌ಲುಕ್’ ಎಂದೇನಾದರೂ ಹೆಸರು ಕೊಟ್ಟರೆ ನಾಲ್ಕು ನಾಲ್ಕರ ಗುಂಪಿನಲ್ಲಿ 16 ಅಕ್ಷರ ತೋರಿಸುತ್ತದೆ. ಒಮ್ಮೆ ಮಾತ್ರ ತೋರಿಸುತ್ತದೆ, ಕಿಟಕಿ ಮುಚ್ಚಿದರೆ ಮತ್ತೆ ನೋಡಲಾಗದು.

ಈಗ ಔಟ್‌ಲುಕ್‌ನಲ್ಲಿ ಫೈಲ್, ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯ ಮೇಲೆ ಡಬಲ್ ಕ್ಲಿಕ್ ಮಾಡಿ. ಪಾಸ್‌ವರ್ಡ್ ಖಾನೆಯಲ್ಲಿರುವ ಚುಕ್ಕಿಗಳನ್ನೆಲ್ಲ ಅಳಿಸಿ ಈ 16 ಅಕ್ಷರವನ್ನು ನಡುವೆ ಜಾಗ ಬಿಡದೆ ಹಾಕಿ, ‘ರಿಮೆಂಬರ್ ಪಾಸ್‌ವರ್ಡ್’ ಗುರುತು ಮಾಡಿ. ‘ಮೋರ್ ಸೆಟ್ಟಿಂಗ್ಸ್’ ಒಳಗೆ ‘ಔಟ್‌ಗೋಯಿಂಗ್ ಸರ್ವರ್’ ಟ್ಯಾಬಿನಲ್ಲಿ, ಕಳಿಸುವ ಸರ್ವರಿಗೂ ದೃಢೀಕರಣ ಬೇಕು ಎಂಬ ಚೌಕಕ್ಕೆ ಟಿಕ್ ಹಾಕಿ, ‘ಯೂಸ್ ಸೇಮ್ ಸೆಟ್ಟಿಂಗ್ಸ್’ ಆರಿಸಿ. ‘ಅಡ್ವಾನ್ಸ್ಡ್’ ಟ್ಯಾಬಿನಲ್ಲಿ ಐಮ್ಯಾಪ್ 993, ಎಸ್‌ಎಸ್‌ಎಲ್. ಎಸ್‌ಎಂಟಿಪಿ 465 ಇಟ್ಟರೆ ಎಸ್‌ಎಸ್‌ಎಲ್, 587 ಇಟ್ಟರೆ ಟಿಎಲ್‌ಎಸ್. ಪೋರ್ಟ್ ಬದಲಿಸಿ ಎನ್‌ಕ್ರಿಪ್ಶನ್ ಬದಲಿಸಲು ಮರೆಯುವುದು ಇಲ್ಲಿ ಆಗುವ ಮಾಮೂಲಿ ತಪ್ಪು.

ಎರಡು ಎಚ್ಚರಿಕೆ. ಮುಂದೆ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದ ದಿನ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ, ಔಟ್‌ಲುಕ್ ಮತ್ತೆ ಕೇಳತೊಡಗುತ್ತದೆ. ಆಗ ಹೊಸದೊಂದು ಮಾಡಿಕೊಳ್ಳಬೇಕು. ಇನ್ನು, ಈ 16 ಅಕ್ಷರ ಸಿಕ್ಕವರಿಗೆ ಒಟಿಪಿಯ ತಡೆ ಇಲ್ಲ. ಮಾನಿಟರಿನ ಅಂಚಿಗೆ ಅಂಟಿಸಿ ಇಡುವ ಚೀಟಿಯಲ್ಲ ಅದು.

ಥಂಡರ್‌ಬರ್ಡ್‌ನಲ್ಲಿ ಜಿಮೇಲ್ ಬರುವುದು ಸರಿಯಾಗಿ ಬರುತ್ತದೆ. ಕಳಿಸಲು ಹೋದರೆ ಮಾತ್ರ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೂ ಹೋಗುವುದಿಲ್ಲ.
— ಪದವಿ ಕಾಲೇಜಿನ ಉಪನ್ಯಾಸಕಿ, ಹಾವೇರಿ

ತರುವುದು ಒಂದು ಸರ್ವರ್, ಕಳಿಸುವುದು ಇನ್ನೊಂದು. ಥಂಡರ್‌ಬರ್ಡ್‌ನಲ್ಲಿ ಎರಡರ ಸೆಟ್ಟಿಂಗೂ ಬೇರೆ ಬೇರೆ ಕಡೆ ಇದೆ. ನೀವು ಮೊದಲನೆಯದನ್ನು ಸರಿಮಾಡಿದ್ದೀರಿ, ಎರಡನೆಯದು ಹಳೆಯ ರೀತಿಯಲ್ಲೇ ಉಳಿದಿದೆ.

‘ಅಕೌಂಟ್ ಸೆಟ್ಟಿಂಗ್ಸ್’ ತೆರೆದು ಎಡಗಡೆಯ ಪಟ್ಟಿಯ ತಳಕ್ಕೆ ಇಳಿಯಿರಿ. ಖಾತೆಗಳೆಲ್ಲ ಮುಗಿದ ಮೇಲೆ ‘ಔಟ್‌ಗೋಯಿಂಗ್ ಸರ್ವರ್ (ಎಸ್‌ಎಂಟಿಪಿ)’ ಎಂದು ಕಾಣುತ್ತದೆ. ಜಿಮೇಲ್ ಸಾಲನ್ನು ಆರಿಸಿ ‘ಎಡಿಟ್’ ಒತ್ತಿ, ‘ಅಥೆಂಟಿಕೇಶನ್ ಮೆಥಡ್’ ಅನ್ನು ‘ನಾರ್ಮಲ್ ಪಾಸ್‌ವರ್ಡ್’ನಿಂದ ‘ಓಆತ್2’ಕ್ಕೆ ಬದಲಿಸಿ. ಯೂಸರ್ ನೇಮ್ ಖಾನೆಯಲ್ಲಿ ಪೂರ್ತಿ ವಿಳಾಸ ಇರಲಿ, ‘@’ಗಿಂತ ಮೊದಲಿನ ಭಾಗ ಮಾತ್ರ ಸಾಲದು.

ಓಆತ್ ಅಂದರೆ ಇಷ್ಟೆ: ಪ್ರೋಗ್ರಾಂ ನಿಮ್ಮ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದಿಲ್ಲ. ಗೂಗಲ್‌ನದೇ ಪುಟದಲ್ಲಿ ನೀವು ಒಮ್ಮೆ ಲಾಗಿನ್ ಆಗುತ್ತೀರಿ, ಗೂಗಲ್ ಪ್ರೋಗ್ರಾಂಗೆ ಒಂದು ಟೋಕನ್ ಕೊಡುತ್ತದೆ. ಮುಂದೆ ನಡೆಯುವುದೆಲ್ಲ ಆ ಟೋಕನ್ ಮೇಲೆ. ಖಾತೆಯ ಪಾಸ್‌ವರ್ಡ್ ಬದಲಿಸಿದರೆ, ಅಥವಾ 6 ತಿಂಗಳು ಆ ಕಂಪ್ಯೂಟರಿನಲ್ಲಿ ಮೇಲ್ ತೆರೆಯದೇ ಬಿಟ್ಟರೆ ಟೋಕನ್ ಸಾಯುತ್ತದೆ, ಮತ್ತೆ ಲಾಗಿನ್ ಕೇಳುತ್ತದೆ. ಅದು ದೋಷವಲ್ಲ.

ಬದಲಿಸಿದ ಮೇಲೂ ಕೇಳಿದರೆ ಹಳೆಯದು ಅಡ್ಡಬರುತ್ತಿದೆ. ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯೂರಿಟಿ’ಯಲ್ಲಿ ‘ಸೇವ್ಡ್ ಪಾಸ್‌ವರ್ಡ್ಸ್’ ತೆರೆಯಿರಿ. ಆ ಖಾತೆಯ ಹೆಸರಿನಲ್ಲಿ ಐಮ್ಯಾಪ್, ಎಸ್‌ಎಂಟಿಪಿ, ಓಆತ್ ಎಂದು ಶುರುವಾಗುವ ಸಾಲುಗಳಿರುತ್ತವೆ. ಮೂರನ್ನೂ ತೆಗೆದು ಥಂಡರ್‌ಬರ್ಡ್ ಮುಚ್ಚಿ ತೆರೆಯಿರಿ. ಗೂಗಲ್ ಪುಟ ಬಂದು, ಲಾಗಿನ್ ಆದರೂ ಖಾಲಿ ಕಿಟಕಿ ಉಳಿದರೆ ಅದೇ ‘ಪ್ರೈವೆಸಿ’ ಪುಟದಲ್ಲಿ ಕುಕೀಗಳನ್ನು ಒಪ್ಪುವ ಚೌಕ ನೋಡಿ. ಮೇಲ್ ಪ್ರೋಗ್ರಾಂಗೆ ಕುಕೀ ಯಾಕೆ ಎಂದು ಅದನ್ನು ತೆಗೆದುಬಿಟ್ಟವರು ಇಲ್ಲಿ ಸಿಕ್ಕಿಬೀಳುತ್ತಾರೆ.

ವಿಂಡೋಸ್ ಪಾಸ್‌ವರ್ಡ್ ಮರೆತಿದ್ದೆ. ರಿಪೇರಿಯವರು ಅದನ್ನು ತೆಗೆದು ಹೊಸದು ಹಾಕಿಕೊಟ್ಟರು. ಅಂದಿನಿಂದ ಮೇಲ್ ದಿನವೂ ಪಾಸ್‌ವರ್ಡ್ ಕೇಳುತ್ತದೆ. ‘ರಿಮೆಂಬರ್’ ಟಿಕ್ ಹಾಕಿದರೂ ನೆನಪಿಟ್ಟುಕೊಳ್ಳುವುದಿಲ್ಲ.
— ಕಿರಾಣಿ ಅಂಗಡಿ ಮಾಲೀಕರು, ಗಂಗಾವತಿ

ರಿಪೇರಿಯವರು ಬೇಕೆಂದು ಮಾಡಿದ್ದಲ್ಲ, ಆದರೆ ತೊಂದರೆಯ ಬೇರು ಅಲ್ಲೇ ಇದೆ. ವಿಂಡೋಸ್ ತನ್ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಒಂದು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತದೆ, ಆ ಬೀಗದ ಕೀಲಿ ನಿಮ್ಮ ವಿಂಡೋಸ್ ಪಾಸ್‌ವರ್ಡ್‌ನಿಂದಲೇ ತಯಾರಾದದ್ದು. ಹಳೆಯ ಪಾಸ್‌ವರ್ಡ್ ಕೊಟ್ಟು ನೀವೇ ಬದಲಿಸಿದರೆ ಕೀಲಿಯೂ ಜೊತೆಗೆ ಬದಲಾಗುತ್ತದೆ. ಹೊರಗಿನಿಂದ ಅಳಿಸಿ ಹೊಸದು ಹಾಕಿದರೆ ಪೆಟ್ಟಿಗೆ ಹಳೆಯ ಕೀಲಿಯನ್ನೇ ಕಾಯುತ್ತ ಕೂರುತ್ತದೆ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳೂ ಕೈಬಿಟ್ಟಿದ್ದರೆ ಇದೇ ಕಾರಣ ಎಂದು ಖಾತ್ರಿಯಾಗಿ ತಿಳಿಯಿರಿ.

ಹಳೆಯ ವಿಂಡೋಸ್ ಪಾಸ್‌ವರ್ಡ್ ಈಗ ನೆನಪಾಗಿದ್ದರೆ ಅದನ್ನೇ ಮತ್ತೆ ಇಟ್ಟು ನೋಡಿ, ಪೆಟ್ಟಿಗೆ ತೆರೆದುಕೊಳ್ಳಬಹುದು. ನೆನಪಿಲ್ಲದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು, ‘ವಿಂಡೋಸ್ ಕ್ರೆಡೆನ್ಶಿಯಲ್ಸ್’ ಕೆಳಗಿನ ‘ಜೆನೆರಿಕ್’ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಆಫೀಸ್, ಔಟ್‌ಲುಕ್ ಎಂದಿರುವ ಸಾಲುಗಳನ್ನು ಮಾತ್ರ ತೆಗೆಯಿರಿ. ಔಟ್‌ಲುಕ್ ಮುಚ್ಚಿರಲಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಪಾಸ್‌ವರ್ಡ್ ಒಮ್ಮೆ ಕೊಡಿ.

ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ‘ಮೇಲ್’ ತೆರೆದು ‘ಶೋ ಪ್ರೊಫೈಲ್ಸ್’ನಲ್ಲಿ ‘ಆ್ಯಡ್’ ಒತ್ತಿ ಹೊಸ ಪ್ರೊಫೈಲ್ ಮಾಡಿ. ಹಳೆಯದನ್ನು ತಕ್ಷಣ ಅಳಿಸಬೇಡಿ. ಖಾತೆ ‘ಪಾಪ್’ ಮಾದರಿಯದಾಗಿದ್ದರೆ ವರ್ಷಗಳ ಮೇಲ್ ಈ ಕಂಪ್ಯೂಟರಿನ ಪಿಎಸ್‌ಟಿ ಫೈಲಿನಲ್ಲಿ ಮಾತ್ರ ಇರಬಹುದು, ಸರ್ವರಿನಲ್ಲಿ ಇರದು. ಆ ಫೈಲನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟೇ ಮುಂದುವರಿಯಿರಿ. ಹೊಸ ಪ್ರೊಫೈಲಿನಲ್ಲೂ ನೆನಪು ನಿಲ್ಲದಿದ್ದರೆ ವಿಂಡೋಸ್‌ನಲ್ಲೇ ಹೊಸ ಬಳಕೆದಾರ ಖಾತೆ ಮಾಡಿ ಅದಕ್ಕೆ ದಾಟಿಕೊಳ್ಳುವುದು ಲೇಸು. ಒಳಗಿನ ‘ಪ್ರೊಟೆಕ್ಟ್’ ಫೋಲ್ಡರನ್ನು ಅಳಿಸಿ ಎಂಬ ಸಲಹೆಯೂ ಓಡಾಡುತ್ತದೆ. ಅದನ್ನು ಅಳಿಸಿದರೆ ಉಳಿದಿರುವ ರಹಸ್ಯಗಳೂ ಹೋಗುತ್ತವೆ, ನಾವಂತೂ ಹೇಳುವುದಿಲ್ಲ.

ಕ್ರೋಮ್ ಮುಚ್ಚಿ ತೆರೆದಾಗಲೆಲ್ಲ ಜಿಮೇಲ್ ಹೊಸದಾಗಿ ಪಾಸ್‌ವರ್ಡ್ ಕೇಳುತ್ತದೆ.
— ವಿದ್ಯಾರ್ಥಿ, ಪುತ್ತೂರು

ಲಾಗಿನ್ ಆಗಿದ್ದೀರಿ ಎಂಬ ನೆನಪು ಕುಕೀಯಲ್ಲಿರುತ್ತದೆ, ಅದನ್ನು ಯಾರೋ ಪ್ರತಿಸಲ ಗುಡಿಸುತ್ತಿದ್ದಾರೆ. ಮೊದಲು ಕ್ರೋಮ್ ಸೆಟ್ಟಿಂಗ್ಸ್‌ನ ‘ಪ್ರೈವೆಸಿ’ಯಲ್ಲಿ, ಕಿಟಕಿಗಳನ್ನೆಲ್ಲ ಮುಚ್ಚಿದಾಗ ಸೈಟ್‌ಗಳ ಡೇಟಾ ಅಳಿಸುವ ಆಯ್ಕೆ ಆನ್ ಆಗಿದೆಯೇ ನೋಡಿ. ಅದಿಲ್ಲದಿದ್ದರೆ ‘ಕಂಪ್ಯೂಟರ್ ವೇಗ ಹೆಚ್ಚಿಸುವ’ ಕ್ಲೀನರ್ ಪ್ರೋಗ್ರಾಂ. ಅದರಲ್ಲಿ ಬ್ರೌಸರ್ ಕುಕೀಗಳ ಟಿಕ್ ತೆಗೆಯಿರಿ, ಆ ಪ್ರೋಗ್ರಾಮನ್ನೇ ತೆಗೆದರೂ ನಷ್ಟವಿಲ್ಲ. ಟಾಸ್ಕ್‌ಬಾರಿನ ಶಾರ್ಟ್‌ಕಟ್ ಇನ್‌ಕಾಗ್ನಿಟೊ ಕಿಟಕಿಯನ್ನೇ ತೆರೆಯುತ್ತಿದ್ದರೂ ಹೀಗಾಗುತ್ತದೆ.

ಕರೆಂಟ್ ಹೋಗಿ ಬಂದ ದಿನ ಮಾತ್ರ ಮೇಲ್ ತಕರಾರು ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋಗುತ್ತದೆ. ಹಳೆಯ ಡೆಸ್ಕ್‌ಟಾಪ್.
— ಅಡಿಕೆ ಬೆಳೆಗಾರರು, ಶಿರಸಿ ತಾಲ್ಲೂಕು

ಪರದೆಯ ಬಲತುದಿಯ ತಾರೀಖು ನೋಡಿ. ಕರೆಂಟ್ ಹೋದ ಮೇಲೆ ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಸರ್ವರ್ ತೋರಿಸುವ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ನಿಮ್ಮ ಕಂಪ್ಯೂಟರಿನ ಪ್ರಕಾರ ಆ ದಿನ ಇನ್ನೂ ಹುಟ್ಟಿಲ್ಲ, ಹಾಗಾಗಿ ಸಂಪರ್ಕವೇ ಕೂಡುವುದಿಲ್ಲ. ವಿಂಡೋಸ್ ಇಂಟರ್‌ನೆಟ್‌ನಿಂದ ಸಮಯ ತಂದುಕೊಂಡ ಮೇಲೆ ಎಲ್ಲ ಸರಿ. ಮಧ್ಯಾಹ್ನದ ಗುಟ್ಟು ಅದೇ.

ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿದೆ. ಸಿಆರ್2032, 3 ವೋಲ್ಟ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸಿಆರ್2025 ಕೂಡ ಅದೇ ಅಗಲ, ಆದರೆ ತೆಳು, ಹಿಡಿಕೆಯಲ್ಲಿ ಸಡಿಲವಾಗಬಹುದು. ತೆಗೆಯುವ ಮೊದಲು ಬಯೋಸ್ ಪುಟಗಳನ್ನು, ಮುಖ್ಯವಾಗಿ ಸಾಟಾ ಮೋಡ್ ಮತ್ತು ಬೂಟ್ ಕ್ರಮವನ್ನು, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಸೆಲ್ಲಿನ ಬದಿಯ ಪುಟ್ಟ ಕೊಂಡಿಯನ್ನು ಉಗುರಿನಿಂದ ಸರಿಸಿ. ಹೊಸದರ ‘+’ ಮೇಲ್ಮುಖವಾಗಿರಲಿ. ಅಲ್ಲಿಯವರೆಗೆ ಬೆಳಗ್ಗೆ ‘ಡೇಟ್ ಅಂಡ್ ಟೈಮ್’ನಲ್ಲಿ ‘ಸಿಂಕ್ ನೌ’ ಒತ್ತಿ ಕೆಲಸ ಸಾಗಿಸಿ.

ಕನ್ನಡದಲ್ಲಿ ಟೈಪ್ ಮಾಡಿದ ದಿನವೇ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಕಾಕತಾಳೀಯವೇ?
— ಡಿಟಿಪಿ ಕೆಲಸ ಮಾಡುವವರು, ಧಾರವಾಡ

ಅಲ್ಲ. ಕೀಲಿಮಣೆ ಕನ್ನಡದಲ್ಲೇ ಉಳಿದಿದೆ. ಪಾಸ್‌ವರ್ಡ್ ಖಾನೆ ಚುಕ್ಕಿ ಮಾತ್ರ ತೋರಿಸುವುದರಿಂದ ನಿಮಗೆ ಕಾಣುವುದಿಲ್ಲ. ಇನ್‌ಸ್ಕ್ರಿಪ್ಟ್ ಇದ್ದರೆ ‘ಕೆ’ ಒತ್ತಿದಾಗ ಹೋಗುವುದು ‘ಕ’, ‘ಎಚ್’ ಒತ್ತಿದಾಗ ‘ಪ’. ನುಡಿ, ಬರಹದಂಥ ತಂತ್ರಾಂಶ ಹಿನ್ನೆಲೆಯಲ್ಲಿ ಕನ್ನಡಕ್ಕೆ ತಿರುಗಿಸಿಟ್ಟಿದ್ದರೂ ಇದೇ ಗೊಂದಲ. ನೋಟ್‌ಪ್ಯಾಡಿನಲ್ಲಿ ಎರಡಕ್ಷರ ಹೊಡೆದು ನೋಡಿದರೆ ತಿಳಿಯುತ್ತದೆ. ವಿಂಡೋಸ್ ಕೀ ಹಿಡಿದು ಸ್ಪೇಸ್‌ಬಾರ್ ಒತ್ತಿ ಇಂಗ್ಲಿಷಿಗೆ ಬನ್ನಿ. ವಿಂಡೋಸ್‌ನ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಪ್ರೋಗ್ರಾಂ ಕಿಟಕಿಗೂ ಬೇರೆ ಭಾಷೆ ಇಡುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಪುಟ ಕಟ್ಟುವ ತಂತ್ರಾಂಶ ಕನ್ನಡದಲ್ಲೂ ಮೇಲ್ ಇಂಗ್ಲಿಷಿನಲ್ಲೂ ಇರುತ್ತದೆ.

ಹಾಟ್‌ಮೇಲ್ ಖಾತೆ ಇಪ್ಪತ್ತು ವರ್ಷದ್ದು. ಹಳೆಯ ಔಟ್‌ಲುಕ್‌ನಲ್ಲಿ ಆಪ್ ಪಾಸ್‌ವರ್ಡ್ ಹಾಕಿದರೂ ಕೇಳುತ್ತದೆ. ವಿಂಡೋಸ್ ಜೊತೆ ಬಂದಿದ್ದ ‘ಮೇಲ್’ ಕೂಡ ನಿಂತುಹೋಗಿದೆ.
— ಗೃಹಿಣಿ, ಮೈಸೂರು

ಇಲ್ಲಿ ಜಿಮೇಲ್‌ನ ಉಪಾಯ ನಡೆಯದು. 2024ರ ಸೆಪ್ಟೆಂಬರ್ 16ರಿಂದ ಮೈಕ್ರೋಸಾಫ್ಟ್ ತನ್ನ ವೈಯಕ್ತಿಕ ಮೇಲ್ ಖಾತೆಗಳಿಗೆ (ಹಾಟ್‌ಮೇಲ್, ಲೈವ್, ಔಟ್‌ಲುಕ್.ಕಾಮ್) ಹೆಸರು-ಪಾಸ್‌ವರ್ಡ್ ಮಾದರಿಯ ಪ್ರವೇಶವನ್ನು ಪೂರ್ತಿ ನಿಲ್ಲಿಸಿತು, ಆಪ್ ಪಾಸ್‌ವರ್ಡಿಗೂ ಅಲ್ಲಿ ಜಾಗವಿಲ್ಲ. ವಿಂಡೋಸ್‌ನ ‘ಮೇಲ್’ ಆಪ್‌ಗೆ ಬೆಂಬಲ 2024ರ ಡಿಸೆಂಬರ್ 31ಕ್ಕೆ ಮುಗಿಯಿತು, ಅದರಲ್ಲಿ ಈಗ ಕಳಿಸುವುದೂ ಇಲ್ಲ, ಬರುವುದೂ ಇಲ್ಲ.

‘ಔಟ್‌ಲುಕ್’ ಎಂಬ ಒಂದೇ ಹೆಸರಿಗೆ ಮೂರು ಬೇರೆ ಸಾಮಾನುಗಳಿರುವುದು ಗೊಂದಲಕ್ಕೆ ಇನ್ನಷ್ಟು ತುಪ್ಪ ಸುರಿದಿದೆ: ಮೇಲ್ ಸೇವೆ ಒಂದು, ಆಫೀಸ್ ಜೊತೆ ಬರುವ ಹಳೆಯ ಪ್ರೋಗ್ರಾಂ ಒಂದು, ‘ಮೇಲ್’ ಜಾಗಕ್ಕೆ ಬಂದ ಉಚಿತ ಹೊಸ ಔಟ್‌ಲುಕ್ ಒಂದು. ನಿಮಗೆ ಸುಲಭದ್ದು ಈ ಮೂರನೆಯದು, ಇಲ್ಲವೇ ಥಂಡರ್‌ಬರ್ಡ್‌ನಲ್ಲಿ ಓಆತ್2. ಕಂಪ್ಯೂಟರಿನಲ್ಲಿ ವಿಂಡೋಸ್ 7 ಅಥವಾ 8.1 ಇದ್ದರೆ ಅದರಲ್ಲಿ ಹಾಕಬಹುದಾದ ಕೊನೆಯ ಥಂಡರ್‌ಬರ್ಡ್ 115. ಅದಕ್ಕಿಂತ ಬ್ರೌಸರಿನಲ್ಲೇ ಮೇಲ್ ನೋಡುವುದು ವಾಸಿ.

ನಮ್ಮ ಸಣ್ಣ ಉದ್ಯಮದ ಸ್ವಂತ ಡೊಮೇನಿನ ಮೇಲ್ ಜೋಹೋದಲ್ಲಿದೆ. ವೆಬ್‌ನಲ್ಲಿ ತೆರೆಯುತ್ತದೆ, ಥಂಡರ್‌ಬರ್ಡ್‌ನಲ್ಲಿ ಪಾಸ್‌ವರ್ಡ್ ತಪ್ಪು ಎನ್ನುತ್ತದೆ.
— ಬೆಳಗಾವಿ

ಸರ್ವರ್ ಹೆಸರಿನ ಬಾಲ ನೋಡಿ. ಭಾರತದ ಡೇಟಾ ಕೇಂದ್ರದಲ್ಲಿರುವ ಖಾತೆಗೆ ‘.ಇನ್’ ಬೇಕು, ‘.ಕಾಮ್’ ಎಂದು ಕೊಟ್ಟರೆ ಆ ಸರ್ವರಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಸ್ವಂತ ಡೊಮೇನಿಗೆ ಐಮ್ಯಾಪ್‌ಪ್ರೊ.ಜೋಹೋ.ಇನ್, ಪೋರ್ಟ್ 993. ಜೋಹೋ ಮೇಲ್ ಸೆಟ್ಟಿಂಗ್ಸ್‌ನಲ್ಲಿ ಐಮ್ಯಾಪ್ ಆನ್ ಆಗಿದೆಯೇ ನೋಡಿ. ಎರಡು ಹಂತದ ಲಾಗಿನ್ ಇದ್ದರೆ ಅಲ್ಲೂ ಆಪ್‌ಗೆಂದೇ ಬೇರೆ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಮನೆಯಲ್ಲಿ ಎರಡು ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್, ಎಲ್ಲದರಲ್ಲೂ ಒಂದೇ ಜಿಮೇಲ್. ಒಮ್ಮೊಮ್ಮೆ ಕೇಳುತ್ತದೆ, ಒಮ್ಮೊಮ್ಮೆ ಇಲ್ಲ. ಹಿಡಿತಕ್ಕೇ ಸಿಗುತ್ತಿಲ್ಲ.
— ಕಲಬುರಗಿ

ಲೆಕ್ಕ ಹಾಕಿ. ಒಂದು ಖಾತೆಗೆ ಏಕಕಾಲಕ್ಕೆ ಜಿಮೇಲ್ ಬಿಡುವ ಐಮ್ಯಾಪ್ ಸಂಪರ್ಕ 15. ಥಂಡರ್‌ಬರ್ಡ್ ಒಂದೊಂದೂ 5ರವರೆಗೆ ಹಿಡಿದುಕೊಳ್ಳುತ್ತದೆ. ಮೂರು ಕಂಪ್ಯೂಟರ್ ಚಾಲೂ ಇದ್ದರೆ ಕೋಟಾ ಮುಗಿಯಿತು, ನಾಲ್ಕನೆಯದನ್ನು ಯಾರು ತೆರೆದರೋ ಅವರಿಗೆ ನಿರಾಕರಣೆ. ‘ಸರ್ವರ್ ಸೆಟ್ಟಿಂಗ್ಸ್’ನ ‘ಅಡ್ವಾನ್ಸ್ಡ್’ ಒಳಗೆ ಸಂಪರ್ಕಗಳ ಗರಿಷ್ಠ ಸಂಖ್ಯೆಯನ್ನು ನಾಲ್ಕರಲ್ಲೂ 2ಕ್ಕೆ ಇಳಿಸಿ. ಫೋನಿನ ಜಿಮೇಲ್ ಆಪ್ ಈ ಲೆಕ್ಕಕ್ಕೆ ಬರುವುದಿಲ್ಲ. ಹೊಸ ಕಂಪ್ಯೂಟರಿಗೆ ಹಳೆಯ ಮೇಲ್ ಎಲ್ಲ ಒಮ್ಮೆಲೇ ಇಳಿಸಿಕೊಳ್ಳುವಾಗಲೂ ಜೋಪಾನ: ಐಮ್ಯಾಪ್‌ನಲ್ಲಿ ದಿನಕ್ಕೆ 2500 ಎಂಬಿ ಮಿತಿ ಇದೆ. ದಾಟಿದರೆ ತಾತ್ಕಾಲಿಕವಾಗಿ ತಡೆಯುತ್ತಾರೆ, ಒಂದು ದಿನ ಕಾದರೆ ಬಿಡುತ್ತದೆ. ಆ ಒಂದು ದಿನ ಪಾಸ್‌ವರ್ಡ್ ಬದಲಿಸಲು ಹೋಗಬೇಡಿ, ಮಿಕ್ಕ ಮೂರೂ ಕೇಳತೊಡಗುತ್ತವೆ.

‘ಮೇಲ್‌ಬಾಕ್ಸ್ ತುಂಬಿದೆ, ದೃಢೀಕರಿಸಿ’ ಎಂದು ಬಂದ ಮೇಲ್‌ನ ಅಟ್ಯಾಚ್‌ಮೆಂಟ್ ತೆರೆದಾಗ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ‘ತಪ್ಪು’ ಎಂದಿತು, ಮತ್ತೆ ಕೊಟ್ಟೆ.
— ಅಂಚೆಯಲ್ಲಿ ಬಂದ ಪ್ರಶ್ನೆ, ಊರು ಬರೆದಿಲ್ಲ

ಇದು ಮೇಲಿನ ಯಾವ ಗುಂಪಿಗೂ ಸೇರಿದ್ದಲ್ಲ. ಮೋಸದ ಪುಟ. ಎರಡು ಸಲ ಕೇಳುವುದೂ ತಂತ್ರವೇ, ಮೊದಲ ಸಲ ಅಕ್ಷರ ತಪ್ಪಿದ್ದರೆ ಎರಡನೆಯದರಲ್ಲಿ ಸರಿಯಾದದ್ದು ಸಿಗಲಿ ಎಂದು. ಗೂಗಲ್‌ನ ನಿಜವಾದ ಲಾಗಿನ್ ಪುಟದ ವಿಳಾಸ ಅಕೌಂಟ್ಸ್.ಗೂಗಲ್.ಕಾಮ್ ಎಂದೇ ಇರುತ್ತದೆ. ಅಟ್ಯಾಚ್‌ಮೆಂಟ್ ತೆರೆದಾಗ ವಿಳಾಸ ‘ಫೈಲ್’ ಎಂದು ಶುರುವಾಗಿರುತ್ತದೆ.

ಬೇರೆ ಸಾಧನದಿಂದ ಈಗಲೇ ಪಾಸ್‌ವರ್ಡ್ ಬದಲಿಸಿ. ‘ಸೆಕ್ಯೂರಿಟಿ’ಯಲ್ಲಿ ‘ಯುವರ್ ಡಿವೈಸಸ್’ ನೋಡಿ, ಗುರುತಿಲ್ಲದ್ದನ್ನು ಸೈನ್ ಔಟ್ ಮಾಡಿ. ರಿಕವರಿ ಫೋನ್, ಮೇಲ್ ನಿಮ್ಮದೇ ಇದೆಯೇ ನೋಡಿ. ಜನ ಮರೆಯುವುದು ಜಿಮೇಲ್ ಸೆಟ್ಟಿಂಗ್ಸ್‌ನ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ಟ್ಯಾಬ್‌ಗಳನ್ನು. ಕಳ್ಳರು ಬ್ಯಾಂಕಿನ ಮೇಲ್ ತಮಗೆ ಬರುವಂತೆ ಅಲ್ಲಿ ಒಂದು ಸಾಲು ಸೇರಿಸಿಟ್ಟರೆ ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸ್ಕ್ಯಾನ್ ಮಾಡಿ ನೇರ ಮೇಲ್ ಮಾಡುವ ಪ್ರಿಂಟರ್ ‘ಅಥೆಂಟಿಕೇಶನ್ ಎರರ್’ ಎನ್ನುತ್ತದೆ.
— ಜೆರಾಕ್ಸ್ ಅಂಗಡಿ, ತಿಪಟೂರು

ಮೊದಲ ಉತ್ತರದ ಆಪ್ ಪಾಸ್‌ವರ್ಡೇ ಮದ್ದು. ಎಸ್‌ಎಂಟಿಪಿ.ಜಿಮೇಲ್.ಕಾಮ್, 587, ಟಿಎಲ್‌ಎಸ್. ಪ್ರಿಂಟರಿನ ಪುಟ್ಟ ಪರದೆಯಲ್ಲಿ 16 ಅಕ್ಷರ ಒತ್ತುವುದು ಶಿಕ್ಷೆ, ಪ್ರಿಂಟರಿನ ಐಪಿ ವಿಳಾಸವನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಅಲ್ಲಿಂದ ಅಂಟಿಸಿ. ಪಾಸ್‌ವರ್ಡ್ ಖಾನೆಗೆ 16ಕ್ಕಿಂತ ಕಡಿಮೆ ಅಕ್ಷರ ಮಾತ್ರ ಹಿಡಿಯುವ ಹಳೆಯ ಯಂತ್ರವಾಗಿದ್ದರೆ, ಸ್ಕ್ಯಾನನ್ನು ಕಂಪ್ಯೂಟರಿನ ಫೋಲ್ಡರಿಗೆ ಹಾಕಿಕೊಂಡು ಅಲ್ಲಿಂದ ಕಳಿಸಿ.